ಮಗ ಕುಳ್ಳ, ಬ್ಯಾಸ್ಕೆಟ್‌ಬಾಲ್‌ಗೆ ಸೇರಿಸಬಹುದೇ?

ಬೆಂಗಳೂರಿನ ಒಂದು ಬಡಾವಣೆಯಲ್ಲಿ, ಉದ್ಯಾನಕ್ಕೆ ಅಂಟಿಕೊಂಡ ಸಿಮೆಂಟ್ ಕೋರ್ಟಿನಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಹೊಸದಾಗಿ ಬರುವ ಅಪ್ಪ ಅಮ್ಮಂದಿರು ಶುಲ್ಕ ವಿಚಾರಿಸುವ ಮೊದಲೇ ಕೇಳುವುದು ಇದು: "ಸರ್, ಇವನು ಸ್ವಲ್ಪ ಕುಳ್ಳ. ಪರವಾಗಿಲ್ಲವೇ?" ಕೆಲವರದು ಇನ್ನೊಂದು ಆಸೆ: "ಆಡಿದರೆ ಉದ್ದ ಬೆಳೆಯುತ್ತಾನಂತಲ್ಲ?"

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಬೆಳೆಯುವುದಿಲ್ಲ. ಎತ್ತರ ಬಹುಪಾಲು ಹೆತ್ತವರಿಂದ ಬಂದದ್ದು. ಉಳಿದದ್ದು ಊಟ, ನಿದ್ದೆ, ಆರೋಗ್ಯದ್ದು. ಆಟಗಾರರು ಉದ್ದವಿರುವುದು ಆಡಿದ್ದರಿಂದಲ್ಲ, ಉದ್ದವಿದ್ದವರನ್ನೇ ಹುಡುಕಿ ಆರಿಸಿಕೊಂಡಿದ್ದರಿಂದ.

ಮೊದಲ ಪ್ರಶ್ನೆಗೆ ನನ್ನ ಉತ್ತರ ಮಗ್ಸಿ ಬೋಗ್ಸ್. 1965ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹುಟ್ಟಿದ ಈ ಮನುಷ್ಯನ ಎತ್ತರ ಐದು ಅಡಿ ಮೂರು ಅಂಗುಲ. ನಮ್ಮ ಬಿಎಂಟಿಸಿ ಬಸ್ಸಿನಲ್ಲಿ ನಿಂತರೆ ಯಾರೂ ತಿರುಗಿ ನೋಡುವುದಿಲ್ಲ. ಆತ ಎನ್‌ಬಿಎಯಲ್ಲಿ, ಅಂದರೆ ಆ ದೇಶದ ವೃತ್ತಿಪರ ಲೀಗಿನಲ್ಲಿ, 1987ರಿಂದ 2001ರವರೆಗೆ 14 ಋತು ಆಡಿದ. ಆ ಲೀಗಿನ ಇತಿಹಾಸದಲ್ಲೇ ಅತಿ ಗಿಡ್ಡ ಆಟಗಾರ ಅವನೇ.

ಆಟಗಾರರ ಆಯ್ಕೆಯಲ್ಲಿ ಅವನನ್ನು 12ನೆಯವನಾಗಿ ತೆಗೆದುಕೊಂಡದ್ದು ವಾಷಿಂಗ್ಟನ್ ತಂಡ. ಅಲ್ಲೇ ಏಳು ಅಡಿ ಏಳು ಅಂಗುಲದ ಮನೂಟ್ ಬೋಲ್ ಕೂಡ ಇದ್ದ. ಇಬ್ಬರೂ ಅಕ್ಕಪಕ್ಕ ನಿಂತ ಚಿತ್ರಗಳನ್ನು ಜನ ಇಂದಿಗೂ ನೋಡಿ ನಗುತ್ತಾರೆ. ನನಗೆ ಆ ಚಿತ್ರಗಳೆಂದರೆ ಸಿಟ್ಟು. ಬೋಗ್ಸ್‌ನ ಆಟವನ್ನು ಅವು ಮರೆಮಾಡಿಬಿಟ್ಟವು. ಒಂದೇ ವರ್ಷಕ್ಕೆ ವಾಷಿಂಗ್ಟನ್ ಅವನನ್ನು ಬಿಟ್ಟುಕೊಟ್ಟಿತು. ಹೊಸದಾಗಿ ಹುಟ್ಟಿದ್ದ ಷಾರ್ಲಟ್ ತಂಡ ಎತ್ತಿಕೊಂಡಿತು. ಅವನ ಒಳ್ಳೆಯ ವರ್ಷಗಳೆಲ್ಲ ಅಲ್ಲಿಯವೇ.

ಅವನ ಆಟದ ಗುಟ್ಟಿರುವುದು ನೆಲದ ಹತ್ತಿರ. ಚೆಂಡು ಅವನ ಅಂಗೈಯಿಂದ ನೆಲಕ್ಕೆ ಬಡಿದು ಮೊಣಕಾಲು ದಾಟುವ ಮೊದಲೇ ಮತ್ತೆ ಅಂಗೈಗೆ ಬಂದಿರುತ್ತಿತ್ತು. ಅದನ್ನು ಕಸಿಯಲು ಆರೂವರೆ ಅಡಿಯ ಆಳು ಸೊಂಟ ಬಗ್ಗಿಸಬೇಕು. ಬಗ್ಗುವಷ್ಟರಲ್ಲಿ ಬೋಗ್ಸ್ ಪಕ್ಕದಿಂದ ನುಸುಳಿ ಹೋಗಿರುತ್ತಿದ್ದ. ಎದುರಾಳಿಯ ಕೈಯಲ್ಲಿ ಚೆಂಡಿದ್ದರೆ ಲೆಕ್ಕ ತಿರುಗುಮುರುಗು: ಅವರ ಚೆಂಡು ನೆಲದಿಂದ ಮೇಲೇಳುವ ದಾರಿಯಲ್ಲೇ ಇವನ ಕೈ ಕಾದಿರುತ್ತಿತ್ತು. ಲೀಗಿನಲ್ಲಿ ಅವನು ಹೀಗೆ ಕಸಿದದ್ದು 1,369 ಸಲ. ಜೊತೆಗಾರರ ಬುಟ್ಟಿಗೆ ದಾರಿ ಮಾಡಿಕೊಟ್ಟ ಅಸಿಸ್ಟ್‌ಗಳು 6,726. 1993ರಲ್ಲಿ ಏಳು ಅಡಿಯ ಪ್ಯಾಟ್ರಿಕ್ ಯೂಯಿಂಗ್ ಎತ್ತಿದ ಚೆಂಡನ್ನೂ ತಡೆದಿದ್ದ. ನಾನು ಹೇಳಿದರೆ ನಂಬಬೇಡಿ, ವೀಡಿಯೊ ಇದೆ, ನೋಡಿ.

ಹಾಗಾಗಿ ನಮ್ಮ ಕೋರ್ಟಿನಲ್ಲಿ ಮೊಣಕಾಲೆತ್ತರಕ್ಕೆ ಹಗ್ಗ ಬಿಗಿಯುತ್ತೇನೆ. ಚೆಂಡು ಹಗ್ಗಕ್ಕೆ ತಾಗದಂತೆ, ಕಣ್ಣು ಚೆಂಡಿನ ಮೇಲಿಡದೆ, ಅದರಡಿಯಲ್ಲೇ ಡ್ರಿಬಲ್ ಮಾಡುತ್ತ ಆ ಬದಿಗೆ ಹೋಗಬೇಕು. ಉದ್ದನೆಯ ಹುಡುಗರು ಬೆನ್ನು ಹಿಡಿದುಕೊಂಡು ಗೊಣಗುತ್ತಾರೆ. ಗಿಡ್ಡ ಮಕ್ಕಳು ಸರಸರನೆ ದಾಟುತ್ತಾರೆ.

ಸುಳ್ಳು ಆಸೆಯನ್ನಂತೂ ನಾನು ಹುಟ್ಟಿಸುವುದಿಲ್ಲ. ರಿಂಗ್ ಇರುವುದು ಹತ್ತು ಅಡಿ ಮೇಲೆ. ಉದ್ದವಿದ್ದವನಿಗೆ ಅದು ಹತ್ತಿರವೇ. ಬೋಗ್ಸ್‌ನಂಥವರು ಮತ್ತೆ ಮತ್ತೆ ಹುಟ್ಟುವುದಿಲ್ಲ. ಆದರೆ ಉದ್ದವೊಂದೇ ಸಾಕೇ? ಪಂಜಾಬಿನ ಹಳ್ಳಿಯ ಸತ್ನಾಮ್ ಸಿಂಗ್ ಏಳು ಅಡಿ ಎರಡು ಅಂಗುಲದವನು. 2015ರಲ್ಲಿ ಡಲ್ಲಾಸ್ ತಂಡ ಅವನನ್ನು ಆರಿಸಿತು, ಎನ್‌ಬಿಎಗೆ ಹಾಗೆ ಆಯ್ಕೆಯಾದ ಮೊದಲ ಭಾರತೀಯ. ಆದರೂ ಆ ಲೀಗಿನ ಒಂದು ಪಂದ್ಯವನ್ನೂ ಆಡಲಿಲ್ಲ.

"ಆಡಿ ಮುಂದೇನು?" ಎಂದೂ ಕೇಳುತ್ತಾರೆ. ನಮ್ಮಲ್ಲಿ ಆಟದಿಂದ ಅನ್ನ ಸಿಗುವುದು ಹೆಚ್ಚಾಗಿ ಕ್ರೀಡಾ ಕೋಟಾದ ನೌಕರಿಯಿಂದ: ರೈಲ್ವೆ, ಪೊಲೀಸ್, ಬ್ಯಾಂಕು. ಬ್ಯಾಂಕ್ ಆಫ್ ಬರೋಡಾದಲ್ಲಿ 2019ರಲ್ಲಿ ವಿಲೀನವಾದ ನಮ್ಮ ವಿಜಯಾ ಬ್ಯಾಂಕಿಗೂ ಒಂದು ತಂಡವಿತ್ತು. ಅಂಥ ಆಯ್ಕೆಗಳಲ್ಲಿ ಎತ್ತರ ನೋಡುತ್ತಾರೆ, ನಿಜ. ಆದರೆ ಚೆಂಡನ್ನು ಮುಂದಕ್ಕೆ ತರುವ ಪಾಯಿಂಟ್ ಗಾರ್ಡ್ ಪ್ರತಿ ತಂಡಕ್ಕೂ ಬೇಕು, ಅವನಿಂದ ಮೊದಲು ಬಯಸುವುದು ಕೈಚಳಕವನ್ನು.

ಸೇರಿಸಿ ಎಂಬುದೇ ನನ್ನ ಉತ್ತರ. ಎರಡು ಮಾತು ಮಾತ್ರ. ಮಗುವಿನ ಎದುರಿಗೆ ಕುಳ್ಳ ಎನ್ನಬೇಡಿ, ಅದಕ್ಕೆ ಕಿವಿ ಇದೆ. ಮತ್ತೆ, ಹನ್ನೆರಡು ತುಂಬದ ಮಗುವಿಗೆ 5ನೇ ಸೈಜಿನ ಚೆಂಡು ಕೊಡಿಸಿ. "ಹೇಗೂ ಬೆಳೆಯುತ್ತಾನೆ" ಎಂದು ಅಂಗಡಿಯವರು 7ನೆಯದನ್ನು ಮುಂದಿಟ್ಟರೆ ಬೇಡವೆನ್ನಿ. ಪುಟ್ಟ ಕೈಗೆ ದೊಡ್ಡ ಚೆಂಡು ಸಿಕ್ಕರೆ ಸೊಂಟದಿಂದ ಎತ್ತಿ ಎಸೆಯುವ ಚಾಳಿ ಬೀಳುತ್ತದೆ, ಆಮೇಲೆ ಅದನ್ನು ಬಿಡಿಸುವುದು ನನ್ನ ತಲೆನೋವು.