ಪೂರಕ ಎಂಬ ಪದ

13 ಆಗಸ್ಟ್ 2025, ಬುಧವಾರ ರಾತ್ರಿ

ನಾಳೆಯ ತರಗತಿಗೆಂದು ಟ್ಯುನೀಷಿಯಾದ 2012ರ ಕರಡು ಸಂವಿಧಾನದ 28ನೆಯ ವಿಧಿಯನ್ನು ಕನ್ನಡಕ್ಕೆ ತಂದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅತ್ತಿಗೆ ಹಾಳೆಯತ್ತ ಬಗ್ಗಿ, ‘ಕುಟುಂಬದಲ್ಲಿ ಹೆಣ್ಣು ಗಂಡಿಗೆ ಪೂರಕ’ ಎಂದು ಓದಿ, “ಒಳ್ಳೆಯ ಮಾತೇ ಅಲ್ಲವೇನೇ? ಇದಕ್ಕೇಕೆ ಅವರು ಬೀದಿಗಿಳಿದರು?” ಎಂದರು.

“ಊಟಕ್ಕೆ ಉಪ್ಪಿನಕಾಯಿ ಪೂರಕ ಅತ್ತಿಗೆ. ಉಪ್ಪಿನಕಾಯಿಗೆ ಊಟ ಪೂರಕ ಎಂದು ಯಾರಾದರೂ ಹೇಳುತ್ತಾರೆಯೇ?” ಎಂದೆ. ಬಹುಪತ್ನಿತ್ವವನ್ನು ನಿಷೇಧಿಸಿ, ವಿಚ್ಛೇದನವನ್ನು ನ್ಯಾಯಾಲಯಕ್ಕೆ ಒಪ್ಪಿಸಿದ ಕಾನೂನು ಅಲ್ಲಿ 1956ರ ಇದೇ ಆಗಸ್ಟ್ 13ರಂದು ಬಂದಿತ್ತು. 2011ರ ಜನದಂಗೆಗೆ ಹೆದರಿ ಸರ್ವಾಧಿಕಾರಿ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿಹೋದ ಮರುವರ್ಷ, ಅದೇ ದಿನ, ಸಾವಿರಾರು ಮಹಿಳೆಯರು ಟ್ಯುನಿಸ್‌ನಲ್ಲಿ ಮೆರವಣಿಗೆ ನಡೆಸಿದರು.

“ಅದನ್ನು ಬರೆದವರ ನಡುವೆ ಹೆಂಗಸರೇ ಇರಲಿಲ್ಲವೇ?”

ಇದ್ದರು. ಈ ವಿಧಿಯನ್ನು ಬರೆದ, ಸಂವಿಧಾನ ಸಭೆಯ ಹಕ್ಕುಗಳ ಸಮಿತಿಯ ಅಧ್ಯಕ್ಷೆಯೇ ಇಸ್ಲಾಮಿ ಪಕ್ಷವಾದ ಎನ್ನಹ್ದಾದ ಫರೀದಾ ಲಬೀದಿ. ಆ ಸಭೆಗೆ ನಡೆದ 2011ರ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಪಟ್ಟಿಯಲ್ಲೂ ಹೆಣ್ಣು ಗಂಡು ಒಬ್ಬರ ನಂತರ ಒಬ್ಬರಿರಬೇಕೆಂಬ ನಿಯಮವಿತ್ತಾದರೂ, ಪಟ್ಟಿಯ ತಲೆಯಲ್ಲಿ ಹೆಚ್ಚಾಗಿ ಗಂಡಸರೇ ಕುಳಿತಿದ್ದರಿಂದ, ಕ್ಷೇತ್ರಕ್ಕೊಂದೇ ಸ್ಥಾನ ಗೆದ್ದ ಸಣ್ಣ ಪಕ್ಷಗಳಿಂದ ಹೆಂಗಸರು ಬಂದದ್ದು ತೀರ ಕಡಿಮೆ. ಗೆದ್ದುಬಂದ ಮಹಿಳೆಯರಲ್ಲಿ ಬಹುಪಾಲು ಎನ್ನಹ್ದಾದವರು. ತಲೆವಸ್ತ್ರ ತೊಟ್ಟವರನ್ನು ಸರ್ಕಾರಿ ಕಚೇರಿ, ಶಾಲೆಗಳಿಂದ ಹೊರಗಿಡುವ 1981ರ ಸುತ್ತೋಲೆಯ ಕಾಲವನ್ನು ಅನುಭವಿಸಿದವರಿಗೆ, ಹೆಣ್ಣಿನ ಹಕ್ಕು ಎಂಬ ಮಾತಿನ ಹಿಂದೆ ಪೊಲೀಸರ ಬೂಟಿನ ಸದ್ದೂ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಇದನ್ನು ಅತ್ತಿಗೆಗೆ ಹೇಳುತ್ತಲೇ ನನ್ನ ಉಪ್ಪಿನಕಾಯಿಯ ಜಾಣತನ ನನಗೇ ಸಪ್ಪೆಯೆನಿಸಿತು.

ಇನ್ನೊಂದು ತೊಡಕೂ ಇದೆ. ಅರಬ್ಬಿ ಮೂಲದ ಕ್ರಿಯಾಪದ ಎರಡೂ ಕಡೆಗೆ ಸಲ್ಲುತ್ತದೆ: ಇಬ್ಬರ ಪಾತ್ರಗಳೂ ಒಂದನ್ನೊಂದು ತುಂಬುತ್ತವೆ ಎಂದು. ಸಮರ್ಥಿಸಿದವರು ಹಿಡಿದದ್ದು ಇದನ್ನೇ. ಹಾಗಿದ್ದರೆ ಗಂಡಸಿನ ಹಕ್ಕಿಗೆ ಅಂಥದೊಂದು ವಿಧಿ ಏಕಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ, ಆದರೆ ‘ಗಂಡಿಗೆ ಪೂರಕ’ ಎಂಬ ನನ್ನ ಅನುವಾದವಂತೂ ತಪ್ಪು.

ಕೊನೆಗೆ ಆ ಪದ ಹೋಯಿತು. 2014ರ ಸಂವಿಧಾನದ 46ನೆಯ ವಿಧಿ ಚುನಾಯಿತ ಸಭೆಗಳಲ್ಲಿ ಸಮಪಾಲಿಗಾಗಿ ಶ್ರಮಿಸುವ ಹೊಣೆಯನ್ನು ರಾಜ್ಯಕ್ಕೆ ವಹಿಸಿತು. 2022ರಲ್ಲಿ ಅಧ್ಯಕ್ಷ ಸಯೀದ್ ಚುನಾವಣಾ ಕಾನೂನನ್ನು ಬದಲಿಸಿದಾಗ ಅಭ್ಯರ್ಥಿಗಳಲ್ಲಿನ ಸಮಪಾಲು ಹೋಗಿ, ಪ್ರತಿ ಅಭ್ಯರ್ಥಿ ತರಬೇಕಾದ 400 ಸಹಿಗಳಲ್ಲಿ ಮಾತ್ರ ಅರ್ಧ ಹೆಂಗಸರದಿರಬೇಕು ಎಂದಾಯಿತು.

“ಸಹಿ ಹಾಕುವುದಕ್ಕೆ ಮಾತ್ರವೇ?” ಎಂದು ಅತ್ತಿಗೆ ನಾರಿನ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಹಾಳೆಯಲ್ಲಿ ‘ಪೂರಕ’ವನ್ನು ಹೊಡೆದುಹಾಕಿದ್ದೇನೆ, ಆ ಜಾಗದಲ್ಲಿ ಇನ್ನೂ