ಪೆನ್ನಾ ಕೀಬೋರ್ಡಾ
ಲೆಕ್ಚರ್ ನಡೀತಿರುವಾಗ ಲ್ಯಾಪ್‌ಟಾಪಲ್ಲಿ ಟಕಟಕ ಅಂತ ಟೈಪ್ ಮಾಡೋರು ಒಂದ್ ಪದಾನೂ ಬಿಡಲ್ಲ, ಆದ್ರೆ ಮೇಷ್ಟ್ರು ಹೇಳಿದ್ದು ಕಿವಿಯಿಂದ ಸೀದಾ ಬೆರಳಿಗೆ ಹೋಗ್ಬಿಡುತ್ತೆ, ತಲೆಗೆ ಕೆಲಸಾನೇ ಇಲ್ಲ. 2014ರಲ್ಲಿ ಮುಲ್ಲರ್, ಒಪನ್‌ಹೈಮರ್ ಅನ್ನೋ ಸಂಶೋಧಕರು ಇದನ್ನೇ ಟೆಸ್ಟ್ ಮಾಡಿ, ಕೈಯಲ್ಲಿ ಬರ್ಕೊಂಡೋರು ಅರ್ಥ ಮಾಡ್ಕೊಂಡು ಉತ್ತರಿಸೋ ಪ್ರಶ್ನೆಗಳಲ್ಲಿ ಮುಂದಿದ್ರು ಅಂದ್ರು, ಎಲ್ರೂ ಪೆನ್ನಿಗೆ ಜೈ ಅಂದ್ರು. ಆಮೇಲೆ 2021ರಲ್ಲಿ ಬೇರೆಯವ್ರು ಅದನ್ನೇ ಮತ್ತೆ ಮಾಡಿ ನೋಡಿದ್ರೆ, ಟೈಪ್ ಮಾಡೋರು ಹೇಳಿದ್ದನ್ನ ಹಾಗೇ ಇಳಿಸ್ಕೊಳ್ಳೋದೇನೋ ನಿಜ, ಆದ್ರೆ ಕ್ವಿಜ್ ಮಾರ್ಕ್ಸಲ್ಲಿ ಅಂಥ ವ್ಯತ್ಯಾಸಾನೇ ಸಿಗ್ಲಿಲ್ಲ! (ಪೆನ್ ಪಾರ್ಟಿ ನಾನು, ಸ್ವಲ್ಪ ಬೇಜಾರಾಯ್ತು.) ನಂಗನ್ಸೋದು, ನೋಟ್ಸ್ ಮುಚ್ಚಿಟ್ಟು ಏನೇನ್ ನೆನಪಿದೆ ಅಂತ ತಮಗೆ ತಾವೇ ಕೇಳ್ಕೊಳ್ಳೋದ್ರಲ್ಲೇ ಜಾಸ್ತಿ ಲಾಭ ಇರೋದು, ಆದ್ರೆ ಹಾಗ್ ಮಾಡೋರೆಷ್ಟ್ ಜನ, ಮುಕ್ಕಾಲು ಟೈಮು ಹೈಲೈಟರ್ ಎಳ್ಯೋದ್ರಲ್ಲೇ ಹೋಗುತ್ತಲ್ಲ ಮಾರಾಯ್ರೆ.