ಐದು ದಿನದ ಕೋರ್ಸು, ಎರಡು ತೋಟದ ಎಲೆ

ಕೊಡಗಿನ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಪ್ರಾಜೆಕ್ಟ್ ಅಸಿಸ್ಟೆಂಟ್. ಕಾಫಿ ಎಲೆ ಕಿತ್ತು ತರುವುದು, ಅರೆದು ಡಿಎನ್‌ಎ ತೆಗೆಯುವುದು, ಟ್ಯೂಬಿಗೆ ನಂಬರ್ ಹಾಕುವುದು, ಇದರಲ್ಲೆಲ್ಲ ಕೈ ಪಳಗಿತ್ತು. ಸೀಕ್ವೆನ್ಸಿಂಗ್, ಅಂದರೆ ಡಿಎನ್‌ಎ ಅಕ್ಷರ ಓದುವ ಕೆಲಸ, ಮುಗಿದು ಡೇಟಾ ಬಂದಾಗ ಮಾತ್ರ ಕಣ್ಣು ಕಣ್ಣು ಬಿಟ್ಟೆ. ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯಲು ಹೋದೆ, ಕಂಪ್ಯೂಟರ್ ಹ್ಯಾಂಗ್ ಆಗಿ ಕೂತಿತು. ಅದನ್ನು ನೋಡಿದ ಮೇಡಂ ನನ್ನನ್ನು ಬೆಂಗಳೂರಿಗೆ ಐದು ದಿನದ ಕೋರ್ಸಿಗೆ ಕಳಿಸಿದರು.

ಮೊದಲ ದಿನ ಲಿನಕ್ಸ್. ಎರಡನೇ ದಿನ ಆರ್ ಮತ್ತು ಪ್ಲಿಂಕ್ ಎಂಬ ಲೆಕ್ಕದ ಸಾಫ್ಟ್‌ವೇರ್. ಕಮಾಂಡ್‌ನಲ್ಲಿ ಒಂದು ಗೆರೆ ತಪ್ಪಿದರೂ ಬೈಗುಳದ ಹಾಗೆ ಎರರ್ ಬರುತ್ತಿತ್ತು. ಅದಕ್ಕೆ ಎರಡು ದಿನದಲ್ಲಿ ಹೊಂದಿಕೊಂಡೆ.

ಮೂರನೇ ದಿನವೇ ನಾನು ಜಾಸ್ತಿ ಹೊರಗಿದ್ದೆ. ಫೆಬ್ರವರಿ ಕೊನೆ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬಂದಿರಲಿಲ್ಲ. ಸ್ಪ್ರಿಂಕ್ಲರ್ ಪಂಪು ಕೆಟ್ಟಿದೆ, ಮೆಕ್ಯಾನಿಕ್ ನಂಬರ್ ಕಳಿಸು ಅಂತ ಅಪ್ಪ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು. ರೊಬಸ್ಟಾ ಕಾಫಿಗೆ ಸರಿಯಾದ ಹೊತ್ತಿಗೆ ನೀರು ಬೀಳದಿದ್ದರೆ ಆ ವರ್ಷದ ಫಸಲು ಹೋಯಿತು ಅಂತಲೇ ಲೆಕ್ಕ ಅಲ್ವಾ. ನಡುನಡುವೆ ಒಳಗೆ ಬಂದಾಗ ಧಾರವಾಡದ ಕಡೆಯ ಮೇಷ್ಟ್ರು ಏನೋ ಜೋಳದ ರೊಟ್ಟಿ ಕಥೆ ಹೇಳುತ್ತಿದ್ದರು. ವಿರಾಜಪೇಟೆಯಲ್ಲಿ ನೂರು ಜನ, ಗದಗದಲ್ಲಿ ನೂರು ಜನ. ಎಲ್ಲರ ರಕ್ತ ತೆಗೆದು, ದಿನಾ ರೊಟ್ಟಿ ತಿನ್ನುವವರ ಜೀನ್ ಯಾವುದು ಅಂತ ಹುಡುಕಿದರೆ ಏನು ಸಿಗುತ್ತದೆ? ಎಲ್ಲರೂ ನಕ್ಕರು. ನಾನೂ ನಕ್ಕು ಮತ್ತೆ ಫೋನ್ ಹಿಡಿದು ಹೊರಗೆ ಹೋದೆ.

ಕೊಡಗಿಗೆ ವಾಪಸ್ ಬಂದವನೇ ನಮ್ಮ ಡೇಟಾ ಹಿಡಿದು ಕೂತೆ. 192 ರೊಬಸ್ಟಾ ಗಿಡ, ನೂರು ಬೀಜದ ತೂಕ, ಸುಮಾರು 20,000 ಮಾರ್ಕರ್, ಅಂದರೆ ಡಿಎನ್‌ಎಯಲ್ಲಿ ಗಿಡದಿಂದ ಗಿಡಕ್ಕೆ ಬದಲಾಗುವ ಗುರುತು. ಯಾವ ಮಾರ್ಕರ್ ಬೀಜದ ತೂಕದ ಜೊತೆ ಹೋಗುತ್ತದೆ ಅಂತ ಒಂದೊಂದನ್ನೇ ಪರೀಕ್ಷೆ ಮಾಡುವ ಕೆಲಸ. 0.05 ಎಂಬ ಗಡಿ, ಅಂದರೆ ಸುಮ್ನೆ ಅದೃಷ್ಟಕ್ಕೆ ಪಾಸಾಗುವ ಸಾಧ್ಯತೆ ನೂರಕ್ಕೆ ಐದು, ಇಲ್ಲಿ ನಡೆಯುವುದಿಲ್ಲ ಅಂತ ಕೋರ್ಸಿನಲ್ಲಿ ಕಲಿತಿದ್ದೆ. 20,000 ಸಲ ನೋಡಿದರೆ, ಯಾವುದಕ್ಕೂ ಸಂಬಂಧವೇ ಇಲ್ಲದಿದ್ದರೂ ಸುಮ್ನೆ ಅದೃಷ್ಟಕ್ಕೆ ಸುಮಾರು 1,000 ಮಾರ್ಕರ್ ಪಾಸಾಗುತ್ತವೆ. ಹಾಗಾಗಿ 0.05 ಅನ್ನು 20,000ದಿಂದ ಭಾಗಿಸಿ 0.0000025 ಎಂಬ ಗಡಿ ಇಟ್ಟೆ. ಮಾರ್ಕರ್‌ಗೊಂದು ಚುಕ್ಕೆ ಇಟ್ಟು, ಗಡಿಗೆ ಒಂದು ಗೆರೆ ಎಳೆದು ಚಿತ್ರ ಮಾಡಿದೆ. ಇಷ್ಟು ಬಿಗಿ ಮಾಡಿದ ಮೇಲೂ ನೂರಾರು ಚುಕ್ಕೆ ಗೆರೆ ದಾಟಿದವು! ಪ್ರಿಂಟ್ ತೆಗೆದು ಮೇಡಂ ಟೇಬಲ್ ಮೇಲೆ ಇಟ್ಟೆ.

ಮೇಡಂ ಕನ್ನಡಕ ಏರಿಸಿ ನೋಡಿದರು. ರೊಬಸ್ಟಾಗೆ 11 ಜೊತೆ ಕ್ರೋಮೋಸೋಮ್. "ಹನ್ನೊಂದರಲ್ಲೂ ಇದೆಯಲ್ಲಪ್ಪಾ" ಅಂದರು. ಅಷ್ಟೇ. ನನಗೆ ಹೊಗಳಿದ ಹಾಗೆ ಕೇಳಿಸಿತು.

ಅದೇ ಚಿತ್ರವನ್ನು ಕೋರ್ಸಿನ ಮೇಷ್ಟ್ರಿಗೂ ಕಳಿಸಿದ್ದೆ. ಒಂದೇ ಸಾಲಿನ ಉತ್ತರ ಬಂತು: "ಪಿಸಿಎ ಹಾಕಿ ನೋಡಿದ್ರಾ?"

ಹಾಕಿರಲಿಲ್ಲ. ಅದು ಮೂರನೇ ದಿನದ ಪಾಠ. ಗಿಡಗಳಲ್ಲಿ ಯಾವುದು ಯಾವುದಕ್ಕೆ ಹತ್ತಿರದ ನೆಂಟ ಅಂತ ಎಲ್ಲ ಮಾರ್ಕರ್ ಸೇರಿಸಿ ತೋರಿಸುವ ಲೆಕ್ಕ ಅದು. ಹಾಕಿದೆ. ಇಲ್ಲಿ ಒಂದು ಚುಕ್ಕೆ ಅಂದರೆ ಒಂದು ಗಿಡ. ಪರದೆಯ ಎಡಕ್ಕೆ 96 ಚುಕ್ಕೆ, ಬಲಕ್ಕೆ 96. ಮಧ್ಯೆ ಒಂದೂ ಇಲ್ಲ.

ಎಡದವು ಸಿದ್ದಾಪುರದ ಕಡೆಯ ತೋಟದ್ದು, ಪೂರ್ತಿ ಸಿ×ಆರ್. ಅಂದರೆ ಕಾಂಜೆನ್ಸಿಸ್ ಎಂಬ ಇನ್ನೊಂದು ಜಾತಿಯ ಕಾಫಿ ಮತ್ತು ರೊಬಸ್ಟಾ ಕೂಡಿಸಿ ಮಾಡಿದ ತಳಿ. ಬೀಜ ದಪ್ಪ. ಬಲದವು ನಾಪೋಕ್ಲು ಕಡೆಯ ಹಳೇ ರೊಬಸ್ಟಾ. ನಾನು ಹುಡುಕಿದ್ದು ದಪ್ಪ ಬೀಜದ ಜೀನ್, ಸಿಕ್ಕಿದ್ದು ಎರಡು ತಳಿಯ ನಡುವೆ ಇದ್ದ ಎಲ್ಲ ವ್ಯತ್ಯಾಸ. ರೊಟ್ಟಿ ಕಥೆಗೆ ಯಾಕೆ ನಕ್ಕಿದ್ದೆ ಅಂತ ಆಗ ಗೊತ್ತಾಯಿತು.

ಇದಕ್ಕೆ ಮದ್ದು ಇದೆ. ಪಿಸಿಎಯಲ್ಲಿ ಬಂದ ಅಂಕಿಯನ್ನೇ ಲೆಕ್ಕದೊಳಗೆ ಸೇರಿಸಿದರೆ ತಳಿಯ ಪ್ರಭಾವ ಕಳೆದು ಉಳಿದದ್ದು ಕಾಣುತ್ತದೆ. ಸೇರಿಸಿದೆ. ಎಲ್ಲ ಚುಕ್ಕೆ ಗೆರೆಯ ಕೆಳಗೆ ಮಲಗಿಬಿಟ್ಟವು. ತಳಿ ಒಂದೇ ಅಲ್ಲ, ಸಿ×ಆರ್ ತೋಟಕ್ಕೆ ಸ್ಪ್ರಿಂಕ್ಲರ್ ಇತ್ತು, ಇನ್ನೊಂದಕ್ಕೆ ಮಳೆಯೇ ಗತಿ. ಸಾಲದ್ದಕ್ಕೆ ಲ್ಯಾಬಿನ ಪ್ಲೇಟಿನಲ್ಲಿ 96 ಗುಳಿ ಇರುತ್ತವಲ್ಲ, ಅಚ್ಚುಕಟ್ಟಾಗಿರಲಿ ಅಂತ ಒಂದು ತೋಟಕ್ಕೆ ಒಂದು ಪ್ಲೇಟ್ ಮಾಡಿದ್ದೆ. ಪ್ಲೇಟಿನಿಂದ ಪ್ಲೇಟಿಗೂ ಫಲಿತಾಂಶ ಸ್ವಲ್ಪ ಬದಲಾಗಬಹುದು. ತಳಿಯೋ, ನೀರೋ, ಪ್ಲೇಟೋ? ಮೂರೂ ಒಂದೇ ಗೆರೆಯಲ್ಲಿ ಕೂತಿದ್ದರೆ ಬಿಡಿಸಿ ಹೇಳುವ ಸಾಫ್ಟ್‌ವೇರ್ ಇಲ್ಲ. ಆ ಡೇಟಾ ಹಾಳಾಗಿದ್ದು ಕಂಪ್ಯೂಟರ್ ಮುಂದೆ ಅಲ್ಲ, ನಾನು ಎಲೆ ಕಿತ್ತ ದಿನ.

ಎಲೆ ಕೀಳುವಾಗ ಸಿದ್ದಾಪುರದ ತೋಟದ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವರು, ಪಕ್ಕದಲ್ಲೇ ಇದ್ದರು. "ಇದೆಲ್ಲಾ ಸಿ×ಆರ್ ಸಾರ್, ಎಲೆ ಸಣ್ಣ ನೋಡಿ" ಅಂದಿದ್ದರು. ಹೂಂ ಅಂದಿದ್ದೆ. ಬರೆದುಕೊಂಡಿರಲಿಲ್ಲ. ನನ್ನ ಶೀಟಿನಲ್ಲಿ ತಳಿಗೆ ಕಾಲಮ್ಮೇ ಇರಲಿಲ್ಲ!

ಮುಂದಿನ ವರ್ಷ ಎರಡೂ ತಳಿ ಬೆರೆತಿರುವ ತೋಟಗಳನ್ನು ಹುಡುಕಿಕೊಂಡು ಹೋದೆ. ತಳಿ, ನೀರು, ನೆರಳು, ಗಿಡದ ವಯಸ್ಸು, ಎಲ್ಲಕ್ಕೂ ಒಂದೊಂದು ಕಾಲಮ್. ಯಾವ ಗಿಡ ಯಾವ ಗುಳಿಗೆ ಅನ್ನುವುದನ್ನು ಆರ್‌ನಲ್ಲೇ ಚೀಟಿ ಎತ್ತಿದ ಹಾಗೆ ಕಲಸಿದೆ. ಪ್ಲೇಟ್ ತುಂಬುವಾಗ ಪ್ರಾಣ ಹೋಗುತ್ತದೆ, ಒಂದೊಂದು ಟ್ಯೂಬಿಗೂ ಪಟ್ಟಿ ನೋಡಬೇಕು. ಕೊನೆಗೆ ಒಂದು ಚುಕ್ಕೆಯೂ ಗೆರೆ ದಾಟಲಿಲ್ಲ. ಎರಡು ಹತ್ತಿರ ಬಂದು ನಿಂತವು. ಇಷ್ಟು ಗಿಡ ಸಾಲದು ಅಂತ ಮೇಡಂ ರಿಪೋರ್ಟಿನಲ್ಲಿ ಹಾಗೇ ಬರೆದರು. ನನಗೆ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಈಗ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ಅದೇ ಕೋರ್ಸಿಗೆ ಹೊರಟಿದ್ದಾಳೆ. ಕೊನೆಯ ದಿನ ಅವರವರ ಡೇಟಾ ತಂದು ಮಾಡಬಹುದು. ನನ್ನ ಹಳೇ 192 ಗಿಡದ ಫೈಲನ್ನು ಪೆನ್ ಡ್ರೈವ್‌ಗೆ ಹಾಕಿ ಕೊಟ್ಟಿದ್ದೇನೆ. ಅದರಲ್ಲಿ ಏನು ತಪ್ಪಿದೆ ಅಂತ ಹೇಳಿಲ್ಲ. ಮೂರನೇ ದಿನ ಫೋನ್ ಆಫ್ ಮಾಡಿಡು ಅಂತ ಮಾತ್ರ ಹೇಳಿದ್ದೇನೆ.